ಪಡಿಯೊಡಲಿನ ಏಳನೆಯ ವರುಷ

ಗಾಜಿನ ಆಚೆಗಿದ್ದ ಕಸ್ತೂರಿ ನರೇಗಲ್ಲ ಮೂರನೆಯ ವರುಷದ ಕೊನೆಯಲ್ಲಿ ತೀರಿಕೊಂಡಳು. ಗಾಜಿನ ಈಚೆ ಅಗಲವಾದ ಕುರ್ಚಿಯಲ್ಲಿ ಕುಳಿತಿದ್ದ ಕಸ್ತೂರಿ ನರೇಗಲ್ಲ, ಸರ್ಕಾರಿ ಶಾಲೆಯ ಭೂಗೋಳದ ಶಿಕ್ಷಕಿ, ಅದನ್ನು ಕಣ್ಣು ಮಿಟುಕಿಸದೆ ನೋಡಿದಳು.

ಬೆಳಕಿನಿಂದ ನೇಯ್ದ ಆ ಆಕೃತಿಗೆ ಪಡಿಯೊಡಲು ಎಂದು ಹೆಸರು. ರೋಗಿಯ ರಕ್ತ, ಅಂಗಾಂಶದ ಒಂದು ಚೂರು, ಮತ್ತು ಒಂದು ವರುಷದುದ್ದಕ್ಕೂ ಕಿವಿಯಲ್ಲಿ ಧರಿಸಿದ ಸಾಸಿವೆಯಷ್ಟು ಚಿಕ್ಕ ಮಣಿ, ಇಷ್ಟರಿಂದ ಅದನ್ನು ಕಟ್ಟುತ್ತಿದ್ದರು. ನುಂಗಿದ ತುತ್ತು, ನಿದ್ದೆಯಲ್ಲಿ ತಪ್ಪಿದ ಉಸಿರು, ಆಡಿದ ಮಾತು, ಕೇಳಿದ ದನಿ ಎಲ್ಲವೂ ಆ ಮಣಿಗೆ ತಿಳಿಯುತ್ತಿದ್ದವು. ಶಸ್ತ್ರಚಿಕಿತ್ಸೆಯನ್ನು ಮೊದಲು ಪಡಿಯೊಡಲಿಗೆ ಮಾಡಿ, ಮುಂದಿನ ವರುಷಗಳನ್ನು ಒಂದು ತಾಸಿನಲ್ಲಿ ಓಡಿಸಿ ನೋಡುತ್ತಿದ್ದರು. ಐದು ವರುಷ ಬದುಕಿದರೆ ಆರೋಗ್ಯ ನಿಧಿಯಿಂದ ಮಂಜೂರಾತಿ. ಇಲ್ಲವಾದರೆ ಆ ಸರದಿ ಬೇರೆಯವರಿಗೆ.

ಜಠರವನ್ನು ಕಿರಿದುಗೊಳಿಸುವ ಆ ಶಸ್ತ್ರಚಿಕಿತ್ಸೆಯ ಹೊರತು ಕಸ್ತೂರಿಗೆ ಬೇರೆ ದಾರಿ ಉಳಿದಿರಲಿಲ್ಲ. ಮೊಣಕಾಲಿನ ವೈದ್ಯರು ತೂಕ ಇಳಿಸಿಕೊಂಡು ಬನ್ನಿ ಎಂದಿದ್ದರು. ತೂಕ ಇಳಿಯಲು ನಡೆಯಬೇಕಿತ್ತು, ನಡೆಯಲು ಮೊಣಕಾಲು ಬೇಕಿತ್ತು. ಸಕ್ಕರೆ ಕಾಯಿಲೆಗೆ ಕೊಟ್ಟ ಇನ್ಸುಲಿನ್ ತೂಕವನ್ನು ಏರಿಸುತ್ತಿತ್ತು. ಏರಿದ ತೂಕ ನಿದ್ದೆಯಲ್ಲಿ ಉಸಿರು ಕಟ್ಟಿಸುತ್ತಿತ್ತು. ಕಟ್ಟಿದ ಉಸಿರು ಹೃದಯವನ್ನು ದಣಿಸುತ್ತಿತ್ತು. ಆ ಹೃದಯ ಇನ್ನು ಹೆಚ್ಚು ಕಾಲ ತಾಳದೆಂದು ಹೃದಯದ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

"ಯಾವುದರಿಂದ ಸತ್ತಿತ್ರಿ ಅದು? ಸಕ್ಕರಿಯಿಂದೋ, ಉಸಿರಿನಿಂದೋ?" ಎಂದು ಕಸ್ತೂರಿ ಕೇಳಿದಳು.

ಪಡಿಯೊಡಲನ್ನು ಕಂಡುಹಿಡಿದ ಡಾಕ್ಟರ್ ಮಂದಾಕಿನಿ ಹೆಬಸೂರ ಕನ್ನಡಕ ತೆಗೆದು ಒರೆಸಿಕೊಂಡರು. "ಎರಡರಿಂದಲೂ ಅಲ್ಲ. ಸಕ್ಕರೆ ಮೊದಲ ವರುಷವೇ ಹತೋಟಿಗೆ ಬಂತು. ಉಸಿರಿನ ಮುಖವಾಡ ಬೇಡವಾಯಿತು. ಹೊಸ ಮೊಣಕಾಲೂ ಬಂತು. ಮೆಟ್ಟಿಲು ಹತ್ತಿದ್ದನ್ನು ನೋಡಿದಿರಲ್ಲ?"

"ನೋಡಿದೆನಲ್ರಿ, ಕಟಕಟೆ ಹಿಡೀದs ಹತ್ತಿತು." ಅವಳ ದನಿಯಲ್ಲಿ ತಾನೇ ಹತ್ತಿದಷ್ಟು ಹೆಮ್ಮೆಯಿತ್ತು.

"ಸತ್ತದ್ದು ಪೋಷಣೆಯಿಲ್ಲದೆ. ಕಿರಿದಾದ ಜಠರಕ್ಕೆ ದಿನಕ್ಕೆ ಐದಾರು ಸಲ ಚೂರು ಚೂರೇ ಉಣಿಸಬೇಕು, ಜೀವಸತ್ವದ ಮಾತ್ರೆ ತಪ್ಪಬಾರದು. ಅದು ಎರಡನ್ನೂ ಬಿಟ್ಟಿತು. ನಮ್ಮ ನರ್ಸು ವಾರವಾರವೂ ಫೋನು ಮಾಡಿ ಕೇಳುತ್ತಾಳೆ. ಅದರ ಉತ್ತರ ಕೇಳಿ."

ಮಂದಾಕಿನಿ ಗುಂಡಿಯೊಂದನ್ನು ಒತ್ತಿದರು. "ಊಟ ಆಯ್ತಾ? ಮಾತ್ರೆ ತಗೊಂಡ್ರಾ?" ಎಂದಿತು ಒಂದು ದನಿ. "ಆತ್ರಿ, ಆತ್ರಿ" ಎಂದಿತು ಇನ್ನೊಂದು. ಅದು ಕಸ್ತೂರಿಯದೇ ದನಿ. ವಾರಗಳು ಉರುಳಿದಂತೆ ಅದು ಸೊರಗುತ್ತ ಹೋಯಿತೇ ಹೊರತು ಉತ್ತರ ಬದಲಾಗಲಿಲ್ಲ.

"ಈ ಒಂದು ವರುಷ ಯಾರು ಊಟವಾಯಿತೇ ಎಂದು ಕೇಳಿದರೂ ನೀವು ಆಯಿತೆಂದೇ ಹೇಳಿದ್ದೀರಿ. ಆಗೆಲ್ಲ ನಿಮ್ಮ ಹೊಟ್ಟೆ ಖಾಲಿಯಿತ್ತು."

"ಅದು ಸುಳ್ಳಲ್ರಿ ಡಾಕ್ಟ್ರ, ಅದು ರೀತಿ. ಕೇಳಿದ್ರ ಆತು ಅನಬೇಕು. ನೀವು ಅನ್ನೂದಿಲ್ಲೇನು?"

"ಅನ್ನುತ್ತೇನೆ. ಎಲ್ಲರೂ ಒಂದೊಂದು ಸಲ ಅನ್ನುತ್ತೇವೆ, ಅದು ಯಂತ್ರಕ್ಕೂ ಗೊತ್ತು. ನೀವು ಮಾತ್ರ ಇಲ್ಲವೆಂದು ಒಮ್ಮೆಯೂ ಅಂದಿಲ್ಲ. ಒಬ್ಬರ ಜೊತೆಗೂ ಒಂದು ತುತ್ತು ಉಂಡಿಲ್ಲ. ಹಾಗಾಗಿ ಅದು ಉಣ್ಣದಿದ್ದಾಗ ಗಮನಿಸುವವರು ಯಾರೂ ಇರಲಿಲ್ಲ."

ಕಸ್ತೂರಿಯ ಮುಖ ಕೆಂಪೇರಿತು. "ಹಂಗಾರ ಸರಕಾರ ನನ್ನ ಸಕ್ಕರಿಗೆ ಔಷಧ ಕೊಡತೈತಿ, ಉಸಿರಿಗೆ ಯಂತ್ರ ಕೊಡತೈತಿ, ಮನ್ಯಾಗ ಯಾರೂ ಇಲ್ಲ ಅನ್ನೂದಕ್ಕ ಬಾಗಲಾ ಹಾಕತೈತಿ. ಭಾಳ ಚಂದ ನ್ಯಾಯರಿ ನಿಮ್ದು!"

ಮಂದಾಕಿನಿ ಕನ್ನಡಕವನ್ನು ಮತ್ತೆ ಏರಿಸಿಕೊಂಡರು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಬದುಕಿ, ಮನೆಗೆ ಹೋಗಿ ಸತ್ತವರನ್ನು ನೋಡಿ ನೋಡಿ ಸೋತು ಅವರು ಈ ಯಂತ್ರವನ್ನು ಕಟ್ಟಿದ್ದರು. ಅದು ಒಂದು ದಿನ ಒಂಟಿಯಾದವರನ್ನೇ ಆರಿಸಿ ಹೊರಗಿಡುವುದೆಂದು ಅವರು ಎಣಿಸಿರಲಿಲ್ಲ.

"ಆರು ತಿಂಗಳ ಮೇಲೆ ಮತ್ತೊಮ್ಮೆ ಓಡಿಸಲು ಅವಕಾಶವಿದೆ. ಅಲ್ಲಿಯವರೆಗೆ ಮಣಿ ಕಿವಿಯಲ್ಲೇ ಇರಲಿ, ಹಸಿದಾಗ ಹಸಿದಿದ್ದೇನೆ ಎನ್ನಿ. ಮಣಿಯನ್ನು ಮೆಚ್ಚಿಸಲು ಅಲ್ಲ, ನಟನೆ ಅದಕ್ಕೆ ತಿಳಿಯುತ್ತದೆ" ಎಂದರು ಅವರು, ದನಿ ತಗ್ಗಿಸಿ.

ಹದಿಮೂರರ ವಯಸ್ಸಿನಲ್ಲಿ ಸೋದರಮಾವನ ಮದುವೆಯ ಪಂಕ್ತಿಯಲ್ಲಿ ಕಸ್ತೂರಿ ಎರಡನೆಯ ಹೋಳಿಗೆಗೆ ಕೈಯೊಡ್ಡಿದ್ದಳು. "ಬುಟ್ಟೀನs ಇಡ್ರಿ ಆಕಿ ಮುಂದ, ಹೊಟ್ಟಿ ಇನ್ನೂ ಒಂದು ಮೂಲ್ಯಾಗ ಖಾಲಿ ಐತಿ" ಎಂದು ಯಾರೋ ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವತ್ತಿನಿಂದ ಅವಳು ಪರರ ಕಣ್ಣೆದುರಿಗೆ ಉಣ್ಣುವುದನ್ನು ಬಿಟ್ಟಳು. ಹಗಲೆಲ್ಲ ಹಸಿದಿದ್ದು, ಮನೆಗೆ ಬಂದು ಕದವಿಕ್ಕಿ, ಗೋಡೆಗೆ ಮುಖ ಮಾಡಿ, ರುಚಿ ತಿಳಿಯದಷ್ಟು ಬೇಗ ಉಣ್ಣುತ್ತಿದ್ದಳು. ತಾಯಿ ಇರುವತನಕ ಆ ಮನೆಯಲ್ಲಿ ಒಂದು ದನಿಯಾದರೂ ಇತ್ತು. ಆಮೇಲೆ ಉಳಿದದ್ದು ಮುಖವಾಡದೊಳಗೆ ಗಾಳಿ ಊದುವ ಯಂತ್ರದ ಸದ್ದು.

ಆಸ್ಪತ್ರೆಯಿಂದ ಬಂದ ಮರುದಿನ ಎದುರುಮನೆಯ ಅಂಬಕ್ಕ ಹಪ್ಪಳ ಹರವುತ್ತ, ತಲೆಯೆತ್ತದೆಯೇ ಕೇಳಿದಳು: "ಟೀಚರ, ಊಟಾತೇನ್ರಿ?"

"ಇಲ್ರಿ, ಆಗಿಲ್ಲ."

ಅಂಬಕ್ಕನ ಕೈ ನಿಂತಿತು. "ಅಯ್ಯ, ಯಾಕ್ರಿ? ಆರಾಮಿಲ್ಲೇನು?"

"ಆರಾಮದೀನಿ. ಹಸಿವ್ಯಾಗೇತಿ."

"ಹಂಗಾರ... ಊಟಾ ಮಾಡ್ರಿ, ಮಾಡ್ರಿ" ಎನ್ನುತ್ತ ಅಂಬಕ್ಕ, ಹಪ್ಪಳವನ್ನು ಅರ್ಧಕ್ಕೇ ಬಿಟ್ಟು ಒಳಗೆ ನಡೆದಳು. ಅಲ್ಲಿಂದ ಮುಂದೆ ಕಸ್ತೂರಿ ಕಂಡರೆ ಅವಳು ಬಿಸಿಲಿನ ಮಾತು ತೆಗೆಯತೊಡಗಿದಳು. ಅದೇ ಉತ್ತರ ಕೇಳಿ ಹಾಲಿನವನೂ ನಕ್ಕು ಸೈಕಲ್ಲು ತುಳಿದ. ತಾನು ಇಷ್ಟು ದಿನ ಸುಳ್ಳು ಹೇಳಿ ಎಲ್ಲರನ್ನೂ ದೂರವಿಟ್ಟೆನೆಂದು ತಿಳಿದಿದ್ದ ಕಸ್ತೂರಿಗೆ, ನಿಜ ಹೇಳಿದರೂ ಯಾರೂ ಹತ್ತಿರ ಬರುವುದಿಲ್ಲವೆಂಬುದು ಹೊಸ ಸಂಕಟವಾಯಿತು. ಆ ಪ್ರಶ್ನೆ ಬಾಗಿಲು ತಟ್ಟಿ, ತೆರೆಯುವುದರೊಳಗೆ ಮುಂದೆ ಹೋಗಿಬಿಡುವವರ ಸದ್ದಿನಂತಿತ್ತು.

ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನೀಲಗಂಗಾ ಸವಡಿ ಒಣಕಟ್ಟಿಗೆಯಂಥ ಹೆಂಗಸು, ನಾಲಗೆಯೂ ಅಷ್ಟೇ ಚೂಪು. ಭೂಗೋಳದ ಶಿಕ್ಷಕಿಗೆ 'ಭೂಗೋಳ' ಎಂದೇ ಹೆಸರಿಟ್ಟವಳು ಅವಳು. ಅವಳೆದುರು ಬಾಯಿಬಿಡಲು ಕಸ್ತೂರಿಗೆ ಒಂದು ತಿಂಗಳು ಹಿಡಿಯಿತು.

"ಏನ್ರೀ ಭೂಗೋಳ, ಊಟಾತೇನು?"

"ಆಗಿಲ್ಲ."

"ಏನಂದ್ರಿ?"

"ಆಗಿಲ್ಲ ಅಂದೆ. ಡಬ್ಬಿ ಚೀಲದಾಗ ಐತಿ. ನಿಮ್ಮ ಮುಂದ ತೆಗಿಯಾಕ ನಾಚಿಕಿ."

ನೀಲಗಂಗಾ ತಿದ್ದುತ್ತಿದ್ದ ಉತ್ತರಪತ್ರಿಕೆಗಳನ್ನು ಸರಿಸಿದಳು. "ಇಷ್ಟ ವರ್ಷಾತು ಒಂದs ಖೋಲ್ಯಾಗ ಕುಂತು. ದಿನಾ ಆತು ಅಂತಿದ್ರಿ!"

"ದಿನಾ ಸುಳ್ಳ ಹೇಳ್ತಿದ್ದೆ."

"ಭೇಷ್! ನೀವು ಉಂಡs ಬರ್ತೀರಿ ಅಂತ ತಿಳದು ನಾ ಒಬ್ಬಾಕಿನ ಹಿತ್ತಲ ಕಟ್ಟಿಗಿ ಹೋಗಿ, ಕಾಗಿ ಮುಖಾ ನೋಡಕೋತ ಉಣತೇನಿ. ತೆಗೀರಿ ಡಬ್ಬಿ. ನನಗ ಹೊಟ್ಟಿ ಚುರುಗುಡತೈತಿ."

ಕಸ್ತೂರಿ ಡಬ್ಬಿ ತೆರೆದು ರೊಟ್ಟಿ ಮುರಿದಳು. ನೀಲಗಂಗಾ ಅವಳ ಬಾಯಿಯ ಕಡೆ ನೋಡಲಿಲ್ಲ. ಕಿಟಕಿಯ ಕಡೆ ತಿರುಗಿ ಸೋಲಾಪುರದ ತಂಗಿಯ ಸೊಸೆಯನ್ನು ಬೈಯುತ್ತ ಉಂಡಳು. ಕೊನೆಗೆ, "ಪುಂಡಿಪಲ್ಯಾ ಚಲೋ ಐತಿ. ನಾಳಿಗಿ ಜರಾ ಹೆಚ್ಚಿಗಿ ತರ್ರಿ, ಭೂಗೋಳ" ಎಂದಳು. ಗೋಡೆಗೆ ಮುಖ ಮಾಡದೆ ಉಂಡ ಆ ಊಟ ನಿಧಾನವಾಗಿ ಒಳಗಿಳಿದು, ಅರ್ಧ ಡಬ್ಬಿಗೇ ಸಾಕೆನಿಸಿದಾಗ ಕಸ್ತೂರಿಗೆ ಗಾಬರಿಯೇ ಆಯಿತು.

ಆರು ತಿಂಗಳ ಬಳಿಕ ಪಡಿಯೊಡಲು ಮತ್ತೆ ಗಾಜಿನ ಹಿಂದೆ ಎದ್ದು ನಿಂತಿತು. ಮೂರನೆಯ ವರುಷ ದಾಟಿತು, ನಾಲ್ಕು ದಾಟಿತು. ಐದು ತುಂಬಿದಾಗ ಮಂದಾಕಿನಿ ಮಗುವಿನಂತೆ ಚಪ್ಪಾಳೆ ತಟ್ಟಿದರು. "ಮಂಜೂರಾಯಿತು! ನಿಲ್ಲಿಸಲೇ?"

"ನಿಲ್ಲಸಬ್ಯಾಡ್ರಿ. ಮುಂದ ಹೋಗಲಿ."

ಆರನೆಯ ವರುಷ ನೀಲಗಂಗಾ ನಿವೃತ್ತಳಾಗಿ ಸೋಲಾಪುರಕ್ಕೆ ಹೊರಟಳು. ನಿವೃತ್ತಿಯ ಮೇಲೆ ತಂಗಿಯ ಮನೆಯ ಮಹಡಿಯಲ್ಲಿ ಇರುತ್ತೇನೆಂದು ಅವಳು ಊಟದ ಹೊತ್ತಿಗೆ ಆಡಿದ ಮಾತನ್ನು ಮಣಿ ಕೇಳಿಸಿಕೊಂಡಿತ್ತು. ಏಳನೆಯ ವರುಷ, ತೆಳ್ಳಗಾದ, ಸಲೀಸಾಗಿ ನಡೆಯಬಲ್ಲ ಆ ಬೆಳಕಿನ ಹೆಂಗಸು ತಾಟಿನ ಮುಂದೆ ಕುಳಿತು, ಉಣ್ಣದೆ ಎದ್ದಳು. ನರ್ಸಿನ ಫೋನು ಬಂತು. "ಆತ್ರಿ" ಎಂದಳು. ಮಳೆಗಾಲ ಮುಗಿಯುವ ಮುನ್ನ ಗಾಜು ಕತ್ತಲಾಯಿತು.

ಕಸ್ತೂರಿ ಕತ್ತಲಾದ ಗಾಜಿನಿಂದ ಮಂದಾಕಿನಿಯತ್ತ ತಿರುಗಿದಳು.

"ಇದು ಹಿಂಗs ಆಗತೈತೇನ್ರಿ?"

"ಹೇಳಲಾರೆ. ಮಣಿ ಕೇಳಿದ ದನಿಗಳಷ್ಟೇ ಯಂತ್ರಕ್ಕೆ ಗೊತ್ತು. ನೀವು ಇನ್ನೂ ಭೇಟಿಯಾಗದ ಮನುಷ್ಯರು ಅದರ ಲೆಕ್ಕದಲ್ಲಿಲ್ಲ. ಅವರನ್ನು ಸೇರಿಸುವ ವಿದ್ಯೆ ನನಗೆ ತಿಳಿದಿಲ್ಲ, ಕಸ್ತೂರಿ. ಬೇಕಾದರೆ ಇನ್ನೊಂದಿಷ್ಟು ದಿನ ಯೋಚಿಸಿ."

ಕಸ್ತೂರಿ ಕುರ್ಚಿಯ ಕೈಗಳನ್ನು ಊರಿ, ಮೊಣಕಾಲಿನ ನೋವಿಗೆ ಹಲ್ಲು ಕಚ್ಚಿ ಎದ್ದಳು. "ಯೋಚನಿ ಮಾಡೂದೇನೈತ್ರಿ? ಕೊಯ್ಯಿರಿ. ಆರು ವರ್ಷ ಸಣ್ಣವಲ್ಲ. ಆದರ ಒಂದು ಮಾತು ಹೇಳ್ರಿ, ಏಳನೇ ವರ್ಷದಾಗ ನನ್ನ ಜೋಡಿ ಉಣ್ಣಾವ್ರು ಯಾರರ ಇದ್ರ, ಅವ್ರು ಈಗ ಎಲ್ಲಿದ್ದಾರು?"

ಕಾಲವನ್ನು ಓಡಿಸಿ ನೋಡಬಲ್ಲ ಆ ವಿಜ್ಞಾನಿ ಮಂಜೂರಾತಿಯ ಕಾಗದಕ್ಕೆ ಸಹಿ ಹಾಕಿದರು. ಅಂಥವರೊಬ್ಬರು ಇರುವುದಾದರೆ, ಆ ಮನುಷ್ಯ ಏಳು ವರುಷಗಳಾಚೆ ಹೊಸದಾಗಿ ಹುಟ್ಟಿ ಬರಬೇಕಾಗಿಲ್ಲ. ಈ ಹೊತ್ತು, ಯಾವುದೋ ಓಣಿಯಲ್ಲಿ, ಎದುರಾದವರನ್ನು ಊಟವಾಯಿತೇ ಎಂದು ಕೇಳಿ, ಉತ್ತರಕ್ಕೆ ಕಾಯಬೇಕೋ ಬೇಡವೋ ಎಂದು ಒಂದು ಹೆಜ್ಜೆ ಅನುಮಾನಿಸುತ್ತಿರಬಹುದು.