ಹಂಝ ತಂದ ಬೊಂಬಾಯಿ ಸಾಮಾನು

"ನೀಲಿ ಹೂ. ಕೆಂಪು ಅಲ್ಲ. ನೀಲಿ ಅಂತ ಬರಿ," ಎಂದಳು ಗೆಳತಿ ಹರಿಣಾಕ್ಷಿ.

"ಬರ್ದೆ ಮಾರಾಯ್ತಿ! ನೀಲಿ ಹೂವಿನ ಫ್ರಾಕ್, ಒಂದು," ಎಂದು ಆಸಿಯಾ ಪೆನ್ಸಿಲನ್ನು ಮತ್ತೆ ನಾಲಗೆಗೆ ತಾಗಿಸಿದಳು.

ಪುತ್ತೂರಿನ ದರ್ಬೆಯ ಹಿಂದಿನ ಓಣಿಯಲ್ಲಿದ್ದ ಆಸಿಯಾಳ ಮನೆಯ ಜಗಲಿಯಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಅವಳ ಬಾಪ ಹಂಝ ಬೊಂಬಾಯಿಗೆ ಹೊರಟಿದ್ದ. ಸಂತೆಯಲ್ಲಿ ರೆಡಿಮೇಡ್ ಬಟ್ಟೆ ಮಾರುವ ಅವನು ವರ್ಷಕ್ಕೊಮ್ಮೆ ನವರಾತ್ರಿಗೆ ಮೊದಲು ಹೋಗಿ ಸಾಮಾನು ತರುತ್ತಿದ್ದ. ಅವನು ಹೊರಟನೆಂದರೆ ಓಣಿಯ ಏಳು ಮನೆಯವರೂ ಚೀಟಿ ಹಿಡಿದುಕೊಂಡು ಬರುತ್ತಿದ್ದರು. ದುಡ್ಡು ಮಾತ್ರ ಸಾಮಾನು ಕೈಗೆ ಬಂದ ಮೇಲೆ. ಮೊದಲೇ ಕೊಟ್ಟರೆ ಹಂಝನಿಗೆ ಸಿಟ್ಟು ಬರುತ್ತಿತ್ತು.

"ನನಗೆ ಬೀಡಿ ಎಲೆ ಕತ್ತರಿಸ್ಲಿಕ್ಕೆ ಒಂದು ಕತ್ತರಿ," ಎಂದಳು ಅಕ್ಕು ಅಜ್ಜಿ.

"ನನಗೆ ಮೂರು ಸೆಲ್ಲಿನ ಟಾರ್ಚು," ಎಂದರು ತ್ಯಾಂಪಣ್ಣ. ಓಣಿಯ ಕೊನೆಯ ದೊಡ್ಡ ಮನೆ ಅವರದು. "ಅಲ್ಲ ಹಂಝ, ಅಷ್ಟು ದೊಡ್ಡ ಊರಲ್ಲಿ ನಿನಗೆ ಮಾತ್ರ ಎಲ್ಲ ಕಡಿಮೆಗೆ ಸಿಕ್ಕುದು ಹೇಗೆ?"

ಹಂಝ ಕಾಯುತ್ತಿದ್ದದ್ದು ಇದೇ ಪ್ರಶ್ನೆಗೆ. ಹುಡುಗನಾಗಿದ್ದಾಗ ಹತ್ತು ವರ್ಷ ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆದವನು ಅವನು. ಅಲ್ಲಿನ ಗಲ್ಲಿಗಳು ಅವನಿಗೆ ಅಂಗೈಯಷ್ಟು ಪರಿಚಯ.

"ಕ್ರಾಫರ್ಡ್ ಮಾರ್ಕೆಟಿನ ಎದುರು ದೊಡ್ಡ ದೊಡ್ಡ ಲೈಟಿನ ಅಂಗಡಿ ಉಂಟಲ್ಲ, ಅಲ್ಲಿಗೆ ಹೋದ್ರೆ ಲೈಟಿನ ಬಿಲ್ಲೂ ನಾವೇ ಕೊಡ್ಬೇಕು. ಹಿಂದಿನ ಗಲ್ಲಿಗೆ ಹೋಗುದು. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋಗುದು. ಮೊದಲ ಗಿರಾಕಿಯನ್ನು ಸೇಟು ಬರಿಗೈಯಲ್ಲಿ ಕಳಿಸುದಿಲ್ಲ. ಅವ ಇಪ್ಪತ್ತು ಹೇಳಿದ್ರೆ..."

ಹಂಝನ ಮಾತು ಅಲ್ಲಿಗೇ ನಿಂತಿತು. ಕೆಮ್ಮಿದ. ಮತ್ತೆ ಬಾಯಿ ತೆರೆದಾಗ ಸ್ವರ ಗರಗರ ಎಂದಿತು.

"ಎಂತ ಆದದ್ದು ನಿನ್ನ ಗಂಟಲಿಗೆ?" ಎಂದರು ತ್ಯಾಂಪಣ್ಣ.

"ಎಂತ ಇಲ್ಲ. ಸಂತೆಯಲ್ಲಿ ಕೂಗಿ ಕೂಗಿ ಹೀಗೆ."

ಎಲ್ಲರೂ ನಂಬಿದರು. ನಂಬದೆ ಎಂತ? ಪುತ್ತೂರಿನ ಸೋಮವಾರದ ಸಂತೆಯಲ್ಲಿ ಹಂಝನ ಕೂಗು ಬಸ್‌ಸ್ಟ್ಯಾಂಡಿನ ತನಕ ಕೇಳುತ್ತಿತ್ತು. "ಬನ್ನಿ ಬನ್ನಿ, ಬೊಂಬಾಯಿ ಬಟ್ಟೆ! ಮುಟ್ಟಿ ನೋಡಿ, ಮುಟ್ಟಿದ್ದಕ್ಕೆ ದುಡ್ಡಿಲ್ಲ!" ಅದನ್ನು ಕೇಳಲೆಂದೇ ಮಕ್ಕಳು ನಿಲ್ಲುತ್ತಿದ್ದರು.

ಆದರೆ ಅವನು ಹೇಳಿದ್ದು ಸುಳ್ಳು. ಅದು ಗೊತ್ತಿದ್ದದ್ದು ಆಸಿಯಾಳಿಗೆ ಮತ್ತು ಅವಳ ಉಮ್ಮ ನೆಬೀಸಳಿಗೆ ಮಾತ್ರ. ಮಂಗಳೂರಿನ ಡಾಕ್ಟರು ಗಂಟಲೊಳಗೆ ಲೈಟು ಬಿಟ್ಟು ನೋಡಿ, ತಡ ಮಾಡದೆ ಬೊಂಬಾಯಿಯ ದೊಡ್ಡ ಆಸ್ಪತ್ರೆಗೆ ಹೋಗಲು ಹೇಳಿದ್ದರು. ಕ್ಯಾನ್ಸರ್ ಎಂಬ ಶಬ್ದವನ್ನು ಮನೆಯೊಳಗೂ ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ.

ಜನ ಹೋದ ಮೇಲೆ ಉಮ್ಮ ಆಸಿಯಾಳನ್ನು ಅಡುಗೆಮನೆಗೆ ಎಳೆದುಕೊಂಡಳು. "ಯಾರ ಹತ್ರವೂ ಬಾಯಿ ಬಿಡ್ಲಿಕ್ಕಿಲ್ಲ, ಕೇಳಿತಾ? ಅದು ಅಂಟುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಆದ್ರೆ ಊರಿನವರು ಕೇಳ್ತಾರಾ? ಗೊತ್ತಾದ್ರೆ ನಮ್ಮ ಬಟ್ಟೆ ಒಬ್ಬರೂ ಮುಟ್ಲಿಕ್ಕಿಲ್ಲ. ಮತ್ತೆ ನಾವು ಉಣ್ಣುದು ಎಂತದನ್ನು?"

"ಇಲ್ಲ ಉಮ್ಮ, ಹೇಳುದಿಲ್ಲ," ಎಂದಳು ಆಸಿಯಾ.

ಹದಿನೈದು ದಿನ ಕಳೆದು ಒಂದು ಇನ್‌ಲ್ಯಾಂಡ್ ಕಾಗದ ಬಂತು. ಉಮ್ಮನಿಗೆ ಓದಲು ಬರುತ್ತಿರಲಿಲ್ಲ. ಐದನೇ ಕ್ಲಾಸಿನ ಆಸಿಯಾಳೇ ಓದಬೇಕು.

"'ಆಸಿಯಾಳಿಗೆ ಬಾಪ ಬರೆಸುವ ಕಾಗದ. ಬರೆಯುವುದು ನನ್ನ ಹಳೆಯ ಹೋಟೆಲಿನ ಅದ್ರಾಮ. ಇವನ ಅಕ್ಷರ ಕೋಳಿ ಕೆದಕಿದ ಹಾಗೆ ಉಂಟು, ನಗಬೇಡ. ಡಾಕ್ಟರು ನೋಡಿದರು. ಬರುವ ಬುಧವಾರ ಆಪರೇಶನ್. ಗಂಟಲಿನೊಳಗಿನ ಸ್ವರದ ಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಆಮೇಲೆ...'"

ಆಸಿಯಾ ನಿಲ್ಲಿಸಿದಳು.

"ಎಂತ ನಿಲ್ಲಿಸಿದ್ದು? ಓದು."

"'ಆಮೇಲೆ ಮಾತು ಬರುವುದಿಲ್ಲ. ಸ್ವಲ್ಪವೂ ಬರುವುದಿಲ್ಲ. ಆಪರೇಶನಿಗೆ ಇನ್ನು ಎಷ್ಟು ದಿನ ಉಂಟು ಎಂದು ಕೇಳಿದೆ. ಎಂಟು ದಿನ ಎಂದರು. ಅಲ್ಲಿಂದ ಎದ್ದವನೇ ನಿನ್ನ ಪಟ್ಟಿ ಹಿಡಿದು ಮಾರ್ಕೆಟಿಗೆ ಹೋದೆ. ಮಾತು ಹೋದ ಮೇಲೆ ಚೌಕಾಸಿ ಮಾಡುವುದು ಹೇಗೆ? ಅಕ್ಕುವಿನ ಕತ್ತರಿ ಚೋರ್ ಬಜಾರಿನಲ್ಲಿ ಸಿಕ್ಕಿತು. ತ್ಯಾಂಪಣ್ಣನ ಟಾರ್ಚಿಗೆ ನಾಲ್ಕು ಗಲ್ಲಿ ಸುತ್ತಿದೆ. ಹರಿಣಾಕ್ಷಿಯ ಫ್ರಾಕಿಗೆ ಸೇಟು ಹದಿನೆಂಟು ರೂಪಾಯಿ ಹೇಳಿದ. ಅರ್ಧ ಗಂಟೆ ಮಾತಾಡಿ ಹನ್ನೊಂದಕ್ಕೆ ಇಳಿಸಿದೆ. ಅಷ್ಟರಲ್ಲಿ ಸ್ವರ ಪೂರ್ತಿ ಕುಳಿತಿತು, ಈ ಕಾಗದ ಪಿಸುಮಾತಿನಲ್ಲೇ ಬರೆಸುವುದು. ಚಿಂತಿಲ್ಲ, ಏಳು ಮನೆಯ ಪಟ್ಟಿಯೂ ಮುಗಿದಿತ್ತು. ಉಮ್ಮನಿಗೆ ಹೆದರಬೇಡ ಎಂದು ಹೇಳು.'"

ಉಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಒಲೆಯ ಮುಂದೆ ಕುಳಿತುಬಿಟ್ಟಳು. ಆಸಿಯಾ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. ಬಾಪ ಅಷ್ಟು ಮಾತನ್ನೂ ಸೇಟುಗಳ ಹತ್ತಿರ ಖರ್ಚು ಮಾಡಿದನಲ್ಲ ಎಂದು ಅವಳಿಗೆ ಅಳು ಬಂತು, ಸಿಟ್ಟೂ ಬಂತು.

ನವರಾತ್ರಿ ಹೋಯಿತು, ದೀಪಾವಳಿ ಹೋಯಿತು. ಬಾಪ ಬರಲಿಲ್ಲ. ಶಾಲೆಯಲ್ಲಿ ಸರ್ವೋತ್ತಮ ಎಂಬ ಹುಡುಗ ಎಲ್ಲರಿಗೂ ಕೇಳುವಂತೆ ಹೇಳಿದ: "ಇವಳ ಬಾಪ ಬೊಂಬಾಯಿಯಲ್ಲಿ ಜೈಲಿನಲ್ಲಿದ್ದಾರಂತೆ. ಕಳ್ಳಮಾಲು ಹಿಡಿದು ಸಿಕ್ಕಿಬಿದ್ದದ್ದಂತೆ. ಅದಕ್ಕೇ ಅಲ್ವಾ ಅಷ್ಟು ಕಡಿಮೆಗೆ ತರುದು!"

ಮಕ್ಕಳು ಹೋ ಎಂದು ನಕ್ಕರು. ಆಸಿಯಾಳ ಮುಖ ಕೆಂಡವಾಯಿತು. ನೀರಿನ ನಳ್ಳಿಯ ಹತ್ತಿರ ಹರಿಣಾಕ್ಷಿ ಮೆಲ್ಲಗೆ ಕೇಳಿದಳು: "ಹೌದಾ ಆಸಿಯಾ? ನಮ್ಮ ಅಮ್ಮನೂ ಹಾಗೇ ಹೇಳ್ತಿದ್ರು."

"ಸುಳ್ಳು! ನನ್ನ ಬಾಪ ಕಳ್ಳ ಅಲ್ಲ!" ಎಂದಳು ಆಸಿಯಾ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲು ಆಗಲಿಲ್ಲ. ಎರಡು ತಿಂಗಳಿಂದ ಒಳಗೇ ಇಟ್ಟುಕೊಂಡದ್ದೆಲ್ಲ ಒಂದೇ ಉಸಿರಿಗೆ ಹೊರಗೆ ಬಂತು. ಆಸ್ಪತ್ರೆ, ಆಪರೇಶನ್, ಕೊನೆಗೆ ಆ ಶಬ್ದವೂ.

ಹರಿಣಾಕ್ಷಿ ಕನ್ನಡ ಪುಸ್ತಕದ ಮೇಲೆ ಕೈಯಿಟ್ಟು, "ವಿದ್ಯೆಯಾಣೆ, ಯಾರಿಗೂ ಹೇಳುದಿಲ್ಲ," ಎಂದಳು. ಪಾಪ, ಅವಳು ಹೆಚ್ಚು ಜನರಿಗೇನೂ ಹೇಳಲಿಲ್ಲ. ಅಮ್ಮನಿಗೆ ಮಾತ್ರ ಹೇಳಿದಳು. ಅಮ್ಮನಿಗೆ ಹೇಳಿದರೆ ಹೇಳಿದ ಹಾಗೆ ಆಗುವುದಿಲ್ಲ ಎಂದು ಅವಳು ತಿಳಿದಿದ್ದಳು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಬಾಪ ಬಂದ. ಅಂಗಿ ಅವನದೇ. ಆದರೆ ಅದರೊಳಗೆ ಅರ್ಧ ಬಾಪ ಮಾತ್ರ ಇದ್ದ. ಉಸಿರಾಡಲು ಡಾಕ್ಟರು ಕುತ್ತಿಗೆಯಲ್ಲಿ ಮಾಡಿದ್ದ ತೂತಿನ ಮೇಲೆ ಬಿಳಿ ಬಟ್ಟೆ ಸುತ್ತಿದ್ದ. ಆಸಿಯಾಳನ್ನು ಕಂಡು ಅವನ ಬಾಯಿ ಅವಳ ಹೆಸರು ಹೇಳಿತು. ಸದ್ದು ಬರಲಿಲ್ಲ. ಬಟ್ಟೆಯ ಒಳಗಿನಿಂದ ಸುಯ್ ಎಂದು ಗಾಳಿ ಮಾತ್ರ ಬಂತು. ಆಸಿಯಾಳಿಗೆ ಹೆದರಿಕೆಯಾಯಿತು. ಸ್ವಂತ ಬಾಪನಿಗೆ ಹೆದರಿದೆನಲ್ಲ ಎಂದು ನಾಚಿಕೆಯೂ ಆಯಿತು.

ಮಧ್ಯಾಹ್ನ ಬಾಪ ಜಗಲಿಯಲ್ಲಿ ಚಾಪೆ ಹಾಸಿ ಸಾಮಾನು ಜೋಡಿಸಿದ. ಕತ್ತರಿ, ಟಾರ್ಚು, ಟಿಫಿನ್ ಡಬ್ಬಿ, ನೀಲಿ ಹೂವಿನ ಫ್ರಾಕು. ಪ್ರತಿಯೊಂದಕ್ಕೂ ಹೆಸರಿನ ಚೀಟಿ. ಸಂಜೆ ಜನ ಬರುತ್ತಾರೆಂದು ಉಮ್ಮ ದೊಡ್ಡ ಪಾತ್ರೆಯಲ್ಲಿ ಚಾ ಇಟ್ಟಳು.

ಯಾರೂ ಬರಲಿಲ್ಲ.

ಕತ್ತಲಾಗುವ ಮೊದಲು ಅಕ್ಕು ಅಜ್ಜಿ ಓಣಿಯಲ್ಲೇ ನಿಂತು, ಸೆರಗನ್ನು ಮೂಗಿಗೆ ಹಿಡಿದು ಕೂಗಿದಳು: "ಕತ್ತರಿ ಬೇಡ ಹಂಝ. ಹಳೆಯದನ್ನೇ ಸಾಣೆ ಹಿಡಿಸಿದೆ." ತ್ಯಾಂಪಣ್ಣ ಆಳಿನ ಕೈಯಲ್ಲಿ ಟಾರ್ಚಿನ ದುಡ್ಡು ಕಳಿಸಿದರು. ಆಳು ದುಡ್ಡನ್ನು ಮೆಟ್ಟಿಲಿನ ಮೇಲಿಟ್ಟು, ಟಾರ್ಚು ಮುಟ್ಟದೆ ಹೊರಟುಹೋದ. ಬಾಪ ಆ ದುಡ್ಡನ್ನು ಆಸಿಯಾಳ ಕೈಗೆ ಹಾಕಿ, ಹಿಂದೆ ಕೊಟ್ಟು ಬಾ ಎಂದು ದೊಡ್ಡ ಮನೆಯ ಕಡೆ ಬೆರಳು ತೋರಿಸಿದ.

ದಾರಿಯಲ್ಲಿ ಹರಿಣಾಕ್ಷಿ ಸಿಕ್ಕಿದಳು. ಓಣಿಯ ಆಚೆ ಬದಿಯಿಂದಲೇ, ಕಾಲಿನ ಬೆರಳು ನೋಡುತ್ತಾ, "ಫ್ರಾಕ್ ಬೇಡವಂತೆ. ಇಲ್ಲೇ ಒಂದು ತೆಗೆದಾಯ್ತು," ಎಂದಳು.

"ನೀನು ಹೇಳಿದ್ದಾ?"

"ಅಮ್ಮನಿಗೆ ಮಾತ್ರ," ಎಂದು ಹರಿಣಾಕ್ಷಿ ಅಳುತ್ತಾ ಓಡಿದಳು.

ಸೋಮವಾರ ಬಾಪ ಸಂತೆಗೆ ಹೋದ. ಯಾವಾಗಲೂ ಕೂರುವ ಜಾಗದಲ್ಲೇ ಬಟ್ಟೆ ಹರಡಿ ಕುಳಿತ. ಪರಿಚಯದವರು ಬಂದರು, ದೂರದಿಂದಲೇ ತಲೆ ಆಡಿಸಿದರು, ಮುಂದೆ ಹೋದರು. ಸಂಜೆ ಕಟ್ಟು ಹೇಗೆ ಹೋಗಿತ್ತೋ ಹಾಗೆಯೇ ತಿರುಗಿ ಬಂತು.

"ಊರಿಗೆಲ್ಲ ಹೇಳಿದ್ದು ಯಾರು?" ಎಂದು ಉಮ್ಮ ಎದೆ ಹೊಡೆದುಕೊಂಡಳು. "ಹೇಳಿದವರ ನಾಲಗೆ..."

ಬಾಪ ಥಟ್ಟನೆ ಕೈಯೆತ್ತಿ ಅವಳನ್ನು ತಡೆದ. ಅವನು ಆಸಿಯಾಳನ್ನು ನೋಡುತ್ತಿದ್ದ. ಅವನಿಗೆ ಗೊತ್ತಾಗಿತ್ತು.

"ಕಳ್ಳ ಅಂತ ಹೇಳಿದ್ರು ಬಾಪ," ಎಂದಳು ಆಸಿಯಾ. "ಜೈಲಿನಲ್ಲಿದ್ದಾರೆ ಅಂತ ಹೇಳಿದ್ರು. ಅದಕ್ಕೆ..." ಬೈದರೆ ಸಾಕಿತ್ತು, ಹೊಡೆದರೂ ಸಾಕಿತ್ತು. ಬಾಪ ಅವಳ ಸ್ಲೇಟು ತೆಗೆದುಕೊಂಡು ವಕ್ರ ಅಕ್ಷರದಲ್ಲಿ ಬರೆದ: "ಕಡಬ ಸಂತೆ. ಅಲ್ಲಿ ಗೊತ್ತಿಲ್ಲ. ನೀನು ಬಾ."

ಕಡಬದಲ್ಲಿ ನಿಜವಾಗಿಯೂ ಯಾರಿಗೂ ಅವರ ಗುರುತಿರಲಿಲ್ಲ. ಮರದ ಬುಡದಲ್ಲಿ ಬಟ್ಟೆ ಹರಡಿದರು. ಹೆಸರಿನ ಚೀಟಿಗಳನ್ನೆಲ್ಲ ಬಾಪ ಬಸ್ಸಿನಲ್ಲೇ ಕಿತ್ತು ಕಿಟಕಿಯಿಂದ ಹೊರಗೆ ಹಾಕಿದ್ದ. ಕತ್ತರಿಯೂ ಟಾರ್ಚೂ ಬಟ್ಟೆಯ ನಡುವೆ ಕುಳಿತಿದ್ದವು.

ಒಬ್ಬಳು ಹೆಂಗಸು ಪುಟ್ಟ ಹುಡುಗಿಯ ಕೈ ಹಿಡಿದು ಬಂದಳು. ನೀಲಿ ಹೂವಿನ ಫ್ರಾಕನ್ನು ಎತ್ತಿ ಬೆಳಕಿಗೆ ಹಿಡಿದಳು. "ಇದಕ್ಕೆ ಎಷ್ಟು?"

ಬಾಪ ಬೆರಳುಗಳಲ್ಲಿ ಹದಿನಾಲ್ಕು ತೋರಿಸಿದ. ಆಗಲೇ ಅವನಿಗೆ ಕೆಮ್ಮು ಬಂತು. ಕೆಮ್ಮು ಬಾಯಿಯಿಂದ ಬರಲಿಲ್ಲ, ಕುತ್ತಿಗೆಯ ಬಟ್ಟೆಯಡಿಯಿಂದ ಬಂತು.

"ಎಂತ, ಇವರಿಗೆ ಮಾತು ಬರುದಿಲ್ವಾ? ಕುತ್ತಿಗೆಗೆ ಎಂತ ಆದದ್ದು?" ಹೆಂಗಸು ಮಗಳನ್ನು ಹಿಂದಕ್ಕೆ ಎಳೆದಳು. ಫ್ರಾಕು ಹಿಡಿದಿದ್ದ ಕೈ ಸಡಿಲವಾಯಿತು.

ಆಸಿಯಾ ಆ ಕೈಯನ್ನೇ ನೋಡುತ್ತಿದ್ದಳು. ಇನ್ನೊಂದು ಕ್ಷಣ ಕಳೆದರೆ ಇಲ್ಲಿಯೂ ಎಲ್ಲ ಮುಗಿಯುತ್ತಿತ್ತು.

"ಅವರು ಹುಟ್ಟಿದಾಗಲೇ ಹಾಗೆ," ಎಂದಳು. "ಮೂಗರು. ಒಂದು ಮಾತೂ ಆಡಿದವರಲ್ಲ. ಚಳಿಗೆ ಕುತ್ತಿಗೆಗೆ ಬಟ್ಟೆ ಕಟ್ಟಿದ್ದು, ಅಷ್ಟೆ."

"ಅಯ್ಯೋ ಪಾಪ!" ಎಂದಳು ಹೆಂಗಸು. ಅವಳ ಮುಖ ಮೆತ್ತಗಾಯಿತು. ಮಗಳನ್ನು ಮುಂದಕ್ಕೆ ತಂದು ಬೆನ್ನಿಗೆ ಫ್ರಾಕು ಹಿಡಿದು ನೋಡಿದಳು. ಮತ್ತೆ ಒಂದು ರೂಪಾಯಿಯನ್ನೂ ಇಳಿಸಲು ಹೇಳದೆ ಹದಿನಾಲ್ಕು ಕೊಟ್ಟು ಹೋದಳು.

ಆಸಿಯಾಳಿಗೆ ಬಾಪನ ಮುಖ ನೋಡಲು ಧೈರ್ಯವಾಗಲಿಲ್ಲ. ತುಂಬ ಹೊತ್ತಾದ ಮೇಲೆ ನೋಡಿದಳು. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ನೀರಿತ್ತು. ಅವನು ಮೆಲ್ಲಗೆ ತಲೆ ಆಡಿಸಿದ, ಕೇಳಿದವರಿಗೆಲ್ಲ ಹಾಗೆಯೇ ಹೇಳು ಎಂಬಂತೆ.

ಕೇಳಿದವರಿಗೆಲ್ಲ ಅವಳು ಹಾಗೆಯೇ ಹೇಳಿದಳು. ಮೊದಲ ಸಲ ಹೇಳುವಾಗ ಅವಳು ನೆಲ ನೋಡುತ್ತಿದ್ದಳು. ಐದನೆಯ ಸಲಕ್ಕೆ ಕೇಳಿದವರ ಮುಖ ನೋಡಿಯೇ ಹೇಳಿದಳು. ಹನ್ನೊಂದನೆಯ ಸಲ, ಅಂಗಿ ತೋರಿಸುತ್ತಾ, ಚಿಲ್ಲರೆ ಎಣಿಸುತ್ತಾ ಸರಾಗವಾಗಿ ಹೇಳಿಬಿಟ್ಟಳು. ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು.

ಸಂಜೆ ಪುತ್ತೂರಿನ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಕಟ್ಟು ಅರ್ಧಕ್ಕರ್ಧ ಖಾಲಿಯಾಗಿತ್ತು. ಬಾಪ ಕಿಟಕಿಗೆ ತಲೆಯೊರಗಿಸಿ ನಿದ್ದೆ ಹೋದ. ಆಸಿಯಾ ಕಣ್ಣು ಮುಚ್ಚಿ ಅವನ ಸ್ವರವನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ಸ್ವಲ್ಪ ಹೊತ್ತು ಎಂಜಿನಿನ ಸದ್ದು ಮಾತ್ರ ಕೇಳಿತು. ನಡುದಾರಿಯ ಸವಣೂರು ದಾಟಿದ ಮೇಲೆ, ತನ್ನ ಹೆಸರನ್ನು ಅವನು ಅಂಗಳದಿಂದ ಕರೆಯುತ್ತಿದ್ದ ರೀತಿ ನೆನಪಾಯಿತು. ಕೊನೆಯ ಅಕ್ಷರವನ್ನು ಎಳೆದು, ಮೇಲಕ್ಕೆತ್ತಿ.

ಬರುವ ವಾರ ಮತ್ತೆ ಕಡಬಕ್ಕೆ ಹೋಗಬೇಕು. ಅದರ ಮುಂದಿನ ವಾರವೂ ಹೋಗಬೇಕು. ಅಲ್ಲಿ ಬಾಪನಿಗೆ ಸ್ವರವೆಂಬುದು ಯಾವತ್ತೂ ಇರಲಿಲ್ಲ. ಇತ್ತು ಎಂದು ಅವಳು ಇನ್ನು ಅಲ್ಲಿ ಯಾರಿಗೂ ಹೇಳುವಂತಿಲ್ಲ.

ಅವಳು ನಿದ್ದೆಯಲ್ಲಿದ್ದ ಬಾಪನ ಕೈ ಹಿಡಿದುಕೊಂಡು, ಪುತ್ತೂರು ಬರುವ ತನಕ ಬಾಯಿ ಬಿಡದೆ ಕುಳಿತಳು.