ಬರ್ತೀನಿ ಅಂದ ಕಲ್ಲು

"ಕಲ್ಲಿಗೆ ಬಾಯಿ ಕೊಟ್ಟೀರಂತ ನಾ ಬಾಯಿ ಮುಚ್ಕೊಂಡು ನಿಂದರಬೇಕೇನ್ರಿ? ಇವತ್ತ ಸಿಮೆಂಟ್ ಹಾಕವನ. ನೀವು ನಡೀರಿ ನಿಮ್ಮೂರಿಗೆ."

ಯಮನಪ್ಪ ಕೂಗಿದ ಹೊಡೆತಕ್ಕೆ ದಂಡೆಯ ಕೊಕ್ಕರೆಗಳು ಎದ್ದವು. ಮಲಪ್ರಭೆಗೆ ಅಡ್ಡಲಾಗಿ ಬಿಡಿಗಲ್ಲು ಪೇರಿಸಿ ಕಟ್ಟಿದ ಒಡ್ಡಿಗೆ ಅವನು ಕಾವಲುಗಾರ. ಊರಿನ ಕುಡಿಯುವ ನೀರು ಅದರಿಂದಲೇ. ಅವನ ಹೆಂಡತಿ ಸಾವಕ್ಕ ಹಾಲಿನ ಕ್ಯಾನು ಹೊತ್ತು ದಿನಾ ದಾಟುತ್ತಿದ್ದುದೂ ಅದರ ಮೇಲೆಯೇ, ಈಗಲೂ ನಡುಹೊಳೆಯಲ್ಲಿದ್ದಳು. ೨೦೬೧ರ ಮಳೆಗಾಲ ಆಗಷ್ಟೇ ಇಳಿದಿತ್ತು.

"ಸಂದಿ ಮುಚ್ಚಿದರ ನೀರು ಮ್ಯಾಲಿಂದ ಧುಮುಕತೈತಿ ಯಮನಪ್ಪಣ್ಣ," ಎಂದಳು ವಿಜ್ಞಾನಿ ಮೆಹರುನ್ನಿಸಾ. "ಬುಡದ ಉಸುಕು ತೋಡತೈತಿ. ಆಮ್ಯಾಲೆ ಇಡೀ ಒಡ್ಡು ಒಮ್ಮೆಲೇ ಹೋಗತೈತಿ. ಬಿಡಿಗಲ್ಲು ಹಂಗಲ್ಲ, ಜಾರಿ ಮತ್ತ ಕೂಡತೈತಿ."

ಅವಳು ಕಂಡುಹಿಡಿದು ಒಡ್ಡಿನಲ್ಲಿ ಕೂರಿಸಿದ್ದು ನುಡಿಗಲ್ಲು. ಅದರ ಹೊಟ್ಟೆಯೊಳಗಿನ ಮಣಿ, ಅಡಿಯ ಉಸುಕು ಸರಿಯುವುದನ್ನು ಅರಿಯುತ್ತಿತ್ತು. ಕಲ್ಲು ಜಾರುವ ಮೊದಲೇ ದಂಡೆಯ ಕಂಬದಿಂದ ಅವಳದೇ ದನಿ ಕೇಳುತ್ತಿತ್ತು.

"ಬರ್ತೀನಿ," ಎಂದಿತು ಕಂಬ.

"ಎಲ್ಲಿಗಿ ಬರತೈತಿ? ನಮ್ಮನಿಗೆ ಊಟಕ್ಕ?"

"ಹೋಗೋರು ಹೊಂಟೆ ಅನಬಾರದಂತ ನಮ್ಮವ್ವ ಕಲಿಸ್ಯಾಳ. ಅದಕ್ಕ ಆ ಮಾತು ಇಟ್ಟೆ. ಅಂದ್ರ ಆ ಕಲ್ಲು..."

ನಡುಹೊಳೆಯಲ್ಲಿ ಸಾವಕ್ಕನೂ ಕಂಬದ ಮಾತು ಕೇಳಿದ್ದಳು. ಯಾರೋ ಹಿಂದಿನಿಂದ ಬರುತ್ತಿದ್ದಾರೆಂದು ತಿಳಿದು, ಕ್ಯಾನು ಇಳಿಸಿ, ತಿರುಗಿ ನಿಂತಳು. ಅವಳ ಬೆನ್ನ ಹಿಂದೆ, ಇನ್ನೊಂದು ಹೆಜ್ಜೆಗೆ ಕಾಲಿಡಬೇಕಿದ್ದ ಕಲ್ಲುಗಳು ಗುಡುಗುಡು ಉರುಳಿದವು. ತಗ್ಗಿಗಿಳಿದು, ಒಂದಕ್ಕೊಂದು ಒರಗಿ ಕೂತವು. ಒಡ್ಡು ಅಲ್ಲಿಷ್ಟು ತಗ್ಗಿತು, ಒಡೆಯಲಿಲ್ಲ.

ಸಾವಕ್ಕ ದಂಡೆಗೆ ಮರಳಿದಳು. "ಯಾರರೀ ಬರ್ತೀನಿ ಅಂದವರು?"

ಯಮನಪ್ಪ ಸಿಮೆಂಟಿನ ಗಾಡಿಗೆ ತಿರುಗಿ ಹೋಗುವಂತೆ ಕೈಬೀಸಿದ. "ಉಂಡು ಹೋಗವಾ ತಂಗಿ," ಅಂದ. ಅಲ್ಲಿಯವರೆಗೆ ಮೆಹರುನ್ನಿಸಾಳನ್ನು ತಂಗಿ ಅಂದವನಲ್ಲ.

ಮೆಹರುನ್ನಿಸಾ ಕಂಬಕ್ಕೆ ಕೈಯಿಟ್ಟಳು. "ಅಕ್ಕ ನನ್ನ ಮಾತು ತಪ್ಪು ತಿಳಕೊಂಡಿದ್ದಕ್ಕ ಉಳದಾಳ. ಸರಿಯಾಗಿ ತಿಳಿಯೋ ಮಾತು ಇಡಬೇಕಿತ್ತು. ಎಲ್ಲಾ ಹೊಳಿಗೂ 'ನಿಂದರು' ಅಂತ ಮಾಡ್ತೀನಿ."

"ಮಾಡು," ಅಂದ ಯಮನಪ್ಪ. "ನಮ್ಮ ಕಲ್ಲಿಂದಷ್ಟ ಹಂಗ ಇರಲಿ. ನಮಗೀಗ ತಿಳದೈತಿ."

ನಮ್ಮ ಕಾಲದ ಒಡ್ಡುಗಳೂ ಹೋಗುವ ಮೊದಲು ಒಂದೊಂದೇ ಕಲ್ಲು ಜಾರಿಸಿ ಹೇಳುತ್ತವೆ. ನಾವು ಸಂದಿಗೆ ಸಿಮೆಂಟ್ ತುಂಬಿ ಬಾಯಿ ಮುಚ್ಚಿಸುತ್ತೇವೆ.

ಅಂದಿನಿಂದ ಪ್ರತಿ ಮಳೆಗಾಲದಲ್ಲೂ ಆ ಕಂಬ "ಬರ್ತೀನಿ" ಅನ್ನುತ್ತದೆ. ಸಾವಕ್ಕ ಎಲ್ಲಿದ್ದರೂ ನಿಂತು, "ಬಾ ಯವ್ವಾ," ಅನ್ನುತ್ತಾಳೆ.

ಆದರೆ ಅವತ್ತು ಚೀಲ ಹೆಗಲಿಗೇರಿಸಿದ ಮೆಹರುನ್ನಿಸಾ "ಬರ್ತೀನಿ" ಅನ್ನಲಿಲ್ಲ, ತಪ್ಪು ತಿಳಿಯಲಾಗದ ಮಾತು ಆಡಿದಳು. "ಹೊಂಟೆ, ಯಮನಪ್ಪಣ್ಣ," ಅಂದು ದಂಡೆ ಏರಿದಳು. ಮತ್ತೆ ಬರಲಿಲ್ಲ.