ಹೊಡೆಯದ ಗಂಟೆ

ಶೀತಲ ಕೋಣೆಯ ಬಾಗಿಲು ಬೆರಳು ತೂರುವಷ್ಟು ತೆರೆದಿತ್ತು. ಬೆಳಗ್ಗೆ ಲಾರಿಗೆ ಸರಕು ಹೇರಿದ ಹಮಾಲರು ಅದನ್ನು ಪೂರ್ತಿ ಎಳೆದಿರಲಿಲ್ಲ. ಸಂಜೆ ಕಾವಲುಗಾರ ನೋಡುವಷ್ಟರಲ್ಲಿ ಮಕ್ಕಳಿಗೆ ಹೋಗಬೇಕಿದ್ದ ಲಸಿಕೆಯೆಲ್ಲ ಬೆಚ್ಚಗಾಗಿ ಕೆಟ್ಟಿತ್ತು.

ಮರುದಿನ ವಿಮಾ ಕಂಪನಿಯ ಪರವಾಗಿ ತನಿಖೆಗೆ ಬಂದವರು ನನ್ನ ಚಿಕ್ಕಮ್ಮ. ಅವರ ಚೀಲ ಹೊತ್ತು ನಾನೂ ಹೋಗಿದ್ದೆ. ಗೋದಾಮಿನ ಮಾಲೀಕರೇ ಬಾಗಿಲು ತೆರೆದು ತೋರಿಸಿದರು. ಅವರ ಹಿಂದೆ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ಅಳಿಯ, ಗೋಡೆಗೊರಗಿ ಕಾವಲುಗಾರ.

"ಬಾಗಿಲು ತೆರೆದಿದ್ರೆ ಗಂಟೆ ಹೊಡೆಯತ್ತೆ ಮೇಡಂ. ಅದು ಗಂಟೆ ಹೊಡೀತು, ಇವನು ಗೊರಕೆ ಹೊಡೆದ," ಎಂದರು ಮಾಲೀಕರು.

ಇಪ್ಪತ್ತು ವರ್ಷದ ಕೆಲಸಗಾರನೆಂಬ ಮುಲಾಜೂ ಇಲ್ಲದೆ ಬಹಳ ಹೊತ್ತು ಬೈದರು. ಪೊಲೀಸರಿಗೆ ಕೊಡುವುದಾಗಿಯೂ ಹೇಳಿದರು. ಕಾವಲುಗಾರನದೇ ತಪ್ಪಾದರೆ ವಿಮೆ ಸಿಗುತ್ತಿತ್ತು, ಅವನಿಗೆ ಜೈಲು.

ಅವನು ಒಂದೇ ಮಾತು ಹೇಳಿದ. "ಪಕ್ಕದ ಕೋಣೇಲೇ ಕೂತಿದ್ದೆ ಅಮ್ಮ. ಕಣ್ಣು ಮುಚ್ಚಿಲ್ಲ."

ಚಿಕ್ಕಮ್ಮ ಮಹಡಿಯ ಮೇಲಿನ ಕಚೇರಿಗೆ ಹೋಗಿ ಸುತ್ತ ನೋಡಿದರು. ಅಳಿಯನ ಮೇಜಿನ ಮೇಲೆ ಹೊಳೆಯುವ ಫಲಕವೊಂದಿತ್ತು. ಯಾಕೆ ಕೊಟ್ಟಿದ್ದೆಂದು ಕೇಳಿದರು. ವರ್ಷವಿಡೀ ಕೆಳಗಿನಿಂದ ಗಲಾಟೆ ಬಾರದಂತೆ ನೋಡಿಕೊಂಡಿದ್ದಕ್ಕೆ ಮಾವ ಕೊಟ್ಟ ಬಹುಮಾನ ಎಂದು ಅವನು ತಲೆ ತಗ್ಗಿಸಿದ.

ಮತ್ತೆ ಎಲ್ಲರನ್ನೂ ಕೆಳಗೆ ಕರೆದರು.

"ಆಗಲೇ ಇದೇ ಬಾಗಿಲು ಹಾಕದೆ ನೀವು ಅಷ್ಟು ಹೊತ್ತು ಬೈದ್ರಿ. ನಾವೆಲ್ಲ ಇಲ್ಲೇ ನಿಂತಿದ್ವಿ. ಗಂಟೆ ಯಾರಿಗೆ ಕೇಳಿಸ್ತು?"

ಗಂಟೆ ಹೊಡೆದೇ ಇಲ್ಲವೆಂದು ಆವರೆಗೆ ನನಗೂ ಹೊಳೆದಿರಲಿಲ್ಲ.

ಅಳಿಯ ಬಾಯಿಬಿಟ್ಟ. ಸರಕು ಹೇರುವಾಗಲೆಲ್ಲ ಗಂಟೆ ಹೊಡೆದು ಮೇಲಿನ ಕಚೇರಿಗೆ ಬರುವ ಮಾವನ ಅತಿಥಿಗಳಿಗೆ ಕಿರಿಕಿರಿಯಾಗುತ್ತಿತ್ತು; ಅದನ್ನು ನಿಲ್ಲಿಸೆಂದು ಮಾವನೇ ಹೇಳಿದ್ದರು. ಅದಕ್ಕೇ, ಬಾಗಿಲು ತೆರೆದಿದ್ದರೆ ಸರಕು ಹೇರುತ್ತಿದ್ದಾರೆಂದು ತಿಳಿದು ಸುಮ್ಮನಿರುವಂತೆ ಅವನು ಗಂಟೆ ಹೊಡೆಸುವ ಕಂಪ್ಯೂಟರಿಗೆ ಕಲಿಸಿದ್ದ. ಕಾವಲುಗಾರನಿಗೆ ಹೇಳಿರಲಿಲ್ಲ. ಮಾವನಿಗೆ ಹೇಳಲು ಹೋದರೆ, ಕಂಪ್ಯೂಟರ್ ವಿಷಯ ನನ್ನ ತಲೆಗೆ ಕಟ್ಟಬೇಡ ಎಂದಿದ್ದರಂತೆ.

"ಹಾಗಾದ್ರೆ ತಪ್ಪು ಇವನದೇ," ಎಂದರು ಮಾಲೀಕರು. ಬೆರಳು ಕಾವಲುಗಾರನಿಂದ ಅಳಿಯನ ಕಡೆಗೆ ತಿರುಗಿತ್ತು.

"ಅವರು ಬಾಯಿ ಮುಚ್ಚಿಸಿದ್ದು ಗಂಟೇದು. ಮುಚ್ಚಿಸಿ ಅಂದೋರು ನೀವು," ಎಂದರು ಚಿಕ್ಕಮ್ಮ. "ಲಸಿಕೆ ಕಾಪಾಡೋದು ನಿಮ್ಮ ವ್ಯಾಪಾರ. ಆದರೆ ಯಂತ್ರಕ್ಕೆ ನೀವು ವಹಿಸಿದ್ದು ನಿಮ್ಮ ನೆಮ್ಮದಿ ಕಾಪಾಡೋ ಕೆಲಸ. ಅದನ್ನ ಅದು ಚೆನ್ನಾಗೇ ಮಾಡಿದೆ. ಅದು ಏನು ಮಾಡ್ತಿದೆ ಅಂತ ಕೇಳಬೇಕಾದೋರು ಒಬ್ಬರೇ, ನೀವು. ಕೇಳಲಿಲ್ಲ. ವರದೀಲಿ ನಿಮ್ಮ ಹೆಸರೇ ಬರೀತೀನಿ."

ಮಾಲೀಕರು ಕಾವಲುಗಾರನತ್ತ ನೋಡಿ, ನಾಳೆಯಿಂದ ಎಂದಿನಂತೆ ಬಾ ಎಂದರು. ಕ್ಷಮೆ ಕೇಳಲಿಲ್ಲ.

ಅವನು ಬೀಗದ ಕೈ ಅವರ ಕಾಲಬಳಿ ಇಟ್ಟ. ಹೋಗುವ ಮುನ್ನ ಅಭ್ಯಾಸಬಲದಿಂದ ಬಾಗಿಲನ್ನು ಪೂರ್ತಿ ಎಳೆದು, ಅಂಗೈಯಿಂದ ಒತ್ತಿ ನೋಡಿದ. ಒಳಗೆ ಕಾಪಾಡುವಂಥದ್ದು ಏನೂ ಉಳಿದಿರಲಿಲ್ಲ.